ಮೇಳದ ಮಳಿಗೆಯಲ್ಲೂ ಅಮಾನತ್ತು

ತಾಯಿಫ್ ಬಳಿಯ ಉಕಾಝ್ ಸಂತೆಯ ಹೆಸರು ಮದ್ರಸದಲ್ಲಿ ಕೇಳದವರಿಲ್ಲ. ಇಸ್ಲಾಮಿಗೆ ಮೊದಲು ಅರಬರು ಅಲ್ಲಿ ಸೇರಿ ಕವಿತೆ ಹೇಳುತ್ತಿದ್ದರು, ವ್ಯಾಪಾರ ಮಾಡುತ್ತಿದ್ದರು. ಶತಮಾನಗಳ ಹಿಂದೆ ನಿಂತುಹೋದ ಆ ಸಂತೆ 2007ರಲ್ಲಿ ಉತ್ಸವವಾಗಿ ಮತ್ತೆ ಶುರುವಾಯಿತು. ಹಳೇ ಉಡುಪಿನ ಕಲಾವಿದರ ಜೊತೆಗೆ ಕರಕುಶಲ ವಸ್ತುಗಳ ಮಳಿಗೆಗಳೂ ಬಂದವು.

ಹಜ್ಜಿನ ದಿನಗಳಲ್ಲಿ ಇಂಥ ಸಂತೆಗಳಲ್ಲಿ ವ್ಯಾಪಾರ ಮಾಡಲು ಸಹಾಬಿಗಳು ಹಿಂಜರಿದಾಗ, ತಪ್ಪಿಲ್ಲವೆಂದು ಅಲ್ ಬಕರ ಸೂರತಿನ 198ನೇ ಆಯತ್ತು ಇಳಿಯಿತು. ಆದರೆ ಮೋಸಕ್ಕೆ ಅನುಮತಿ ಇಲ್ಲ. ಧಾನ್ಯದ ರಾಶಿಗೆ ಕೈಹಾಕಿ ಒಳಗಿನ ತೇವ ಕಂಡ ಪ್ರವಾದಿಯವರು (ಸ.ಅ.) ವ್ಯಾಪಾರಿಯನ್ನು ಅಲ್ಲೇ ಎಚ್ಚರಿಸಿದ್ದರು.

ಇದನ್ನು ಪಾಠ ಮಾಡುವ ನಾವೇ ಎಡವಿದೆವು. ಬ್ಯಾರಿಗಳ ಹಿಂದಿನ ಬದುಕು ತೋರಿಸುವ ಊರಿನ ಮೇಳದಲ್ಲಿ ಮಕ್ಕಳ ಜೊತೆ ತೊಪ್ಪಿ ಮಾರಲು ಕೂತಿದ್ದೆವು. 'ಕೈಕಸೂತಿ' ಅಂತ ಬೋರ್ಡು; ರಾಶಿಯಲ್ಲಿ ಅರ್ಧ ಮಿಷನ್ನಿನದು.

"ಇದು ಕೈಯಲ್ಲಿ ಹೊಲಿದದ್ದಾ ಉಸ್ತಾದ್?" ವಯಸ್ಸಾದ ತಾಯಿಯೊಬ್ಬರು ಕೇಳಿದರು. ಮಕ್ಕಳು ನಮ್ಮ ಮುಖ ನೋಡಿದರು.

"ಅಲ್ಲ ಉಮ್ಮಾ" ಅಂದೆವು. ಕೂಡಲೇ ರಾಶಿ ಎರಡು ಮಾಡಿ ಬೇರೆ ಬೇರೆ ಬೆಲೆ ಬರೆದೆವು. ಲಾಭ ಕಮ್ಮಿಯಾಯಿತು.

ಸ್ಟಾಲ್ ಹಾಕುವವರಿದ್ದರೆ ರಾಶಿ ಬೆರೆಸಬೇಡಿ. ಹಿರಿಯರ ಕೈಕೆಲಸ ಅಂತ ಹೇಳಿ ಮಾರುವಾಗ ಅವರ ಹೆಸರೂ ನಮ್ಮ ಕೈಯಲ್ಲಿರುವ ಅಮಾನತ್ತೇ.