ನಗುವನ್ನೂ ಕಲಿಸಬೇಕು

ಇಂಗ್ಲಿಷ್ ಪರೀಕ್ಷೆಯಲ್ಲಿ 80 ಅಂಕ ಪಡೆದ ಹುಡುಗಿಯೊಬ್ಬಳು ಕಾಲೇಜಿಗೆ ಸೇರುತ್ತಾಳೆ. ಉಪನ್ಯಾಸಕರು ಪಾಠದ ನಡುವೆ ಇಂಗ್ಲಿಷಿನಲ್ಲಿ ಒಂದು ನಗೆಚಟಾಕಿ ಹಾರಿಸುತ್ತಾರೆ. ತರಗತಿಯೆಲ್ಲಾ ಗೊಳ್ಳೆಂದು ನಗುತ್ತದೆ. ಈಕೆಗೆ ಪ್ರತಿಯೊಂದು ಪದದ ಅರ್ಥವೂ ಗೊತ್ತು. ಆದರೆ ನಗು ಏಕೆ ಬಂತೆಂಬುದು ಮಾತ್ರ ಗೊತ್ತಿಲ್ಲ. ಎಲ್ಲರೊಂದಿಗೆ ತಾನೂ ಸುಮ್ಮನೆ ಹಲ್ಲು ಕಿರಿಯುತ್ತಾಳೆ. ‘ನನ್ನನ್ನು ಕಂಡೇ ನಕ್ಕರೇನೋ’ ಎಂಬ ಸಂಶಯ ಒಳಗೊಳಗೇ ಚುಚ್ಚುತ್ತದೆ. ಮರುದಿನದಿಂದ ಆಕೆ ಕೊನೆಯ ಬೆಂಚಿಗೆ ಸರಿಯುತ್ತಾಳೆ, ಬಾಯಿ ತೆರೆಯುವುದನ್ನೇ ಬಿಡುತ್ತಾಳೆ.

ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳ ಕಥೆಯಿದು. ನಾವು ವ್ಯಾಕರಣ ಕಲಿಸುತ್ತೇವೆ, ಪತ್ರ ಬರೆಯಲು ಕಲಿಸುತ್ತೇವೆ. ನಗುವುದನ್ನು ಮಾತ್ರ ಕಲಿಸುವುದಿಲ್ಲ. ಅದೇನು ಕಲಿಸುವ ವಿಷಯವೇ ಎಂದು ಕೇಳಬಹುದು. ಹೌದು, ಖಂಡಿತವಾಗಿಯೂ ಅದು ಕಲಿಸುವ ವಿಷಯವೇ.

ಹಾಸ್ಯದ ಮೂರು ಬಗೆ

ಹಾಸ್ಯವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎಲ್ಲರಿಗೂ ನಗು ತರಿಸುವಂಥದ್ದು. 1990ರಲ್ಲಿ ಬ್ರಿಟಿಷ್ ಟಿವಿಯಲ್ಲಿ ಆರಂಭವಾದ ‘ಮಿಸ್ಟರ್ ಬೀನ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮಾತೇ ಬಹಳ ಕಡಿಮೆ. ಆದ್ದರಿಂದ ಲಂಡನ್ನಿನ ಮಗುವೂ ನಗುತ್ತದೆ, ನಮ್ಮ ಮನೆಯ ಮಗುವೂ ನಗುತ್ತದೆ.

ಎರಡನೆಯದು ಪದಗಳ ಆಟ. ‘ಆರಕ್ಕೆ ಏಳನ್ನು ಕಂಡರೆ ಏಕೆ ಭಯ?’ ಎಂದು ಇಂಗ್ಲಿಷ್ ಮಕ್ಕಳು ಕೇಳುತ್ತಾರೆ. ಉತ್ತರ: ‘ಸೆವೆನ್ ಏಟ್ ನೈನ್’. ಏಟ್ ಎಂದರೆ ಎಂಟೂ ಹೌದು, ತಿಂದಿತು ಎಂದೂ ಹೌದು. ಏಳು ಒಂಬತ್ತನ್ನು ತಿಂದುಬಿಟ್ಟಿದೆಯಂತೆ! ಇದನ್ನು ಕನ್ನಡಕ್ಕೆ ತಂದರೆ ನಗು ಸತ್ತುಹೋಗುತ್ತದೆ. ನಮ್ಮಲ್ಲೂ ಇಂಥ ಆಟವಿದೆ. ಮರದ ಕೆಳಗೆ ನಿಂತವನೊಬ್ಬ ‘ಒಂಬತ್ತರ ನಂತರ ಏನು?’ ಎಂದು ಕೇಳಿದ. ಗೆಳೆಯ ‘ಹತ್ತು’ ಎಂದ. ಇವನು ಸರಸರನೆ ಮರ ಹತ್ತಿಬಿಟ್ಟ. ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ‘ಟೆನ್’ ಎಂದರೆ ಯಾರೂ ಮರ ಹತ್ತುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಿಕೊಟ್ಟರೆ, ನಗು ಅರ್ಥವಾಗದಿರುವುದು ದಡ್ಡತನವಲ್ಲ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಮೂರನೆಯದು ಬದುಕಿನ ರೀತಿನೀತಿಗಳಿಂದ ಹುಟ್ಟುವ ಹಾಸ್ಯ. ಇದೇ ಕಷ್ಟದ್ದು.

ಅತ್ತೆ ಯಾರ ಅತ್ತೆ?

ಅತ್ತೆಯ ಮೇಲಿನ ನಗೆಹನಿಗಳು ನಮ್ಮಲ್ಲೂ ಇವೆ, ಬ್ರಿಟನ್ನಿನಲ್ಲೂ ಇವೆ. ಅಲ್ಲಿ ಲೆಸ್ ಡಾಸನ್ (1931-1993) ಎಂಬ ಹಾಸ್ಯಗಾರ ಇದಕ್ಕೇ ಹೆಸರಾಗಿದ್ದರು. ಆದರೆ ಅಲ್ಲಿಯ ಹಾಸ್ಯದಲ್ಲಿ ಗೊಣಗುವವನು ಅಳಿಯ. ಅತ್ತೆಯೆಂದರೆ ಹೆಂಡತಿಯ ತಾಯಿ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗಿ ಬಾಳುವುದರಿಂದ ಜಟಾಪಟಿಯೆಲ್ಲಾ ಅತ್ತೆ ಸೊಸೆಯರದ್ದು. ಅಳಿಯನಿಗೆ ಅತ್ತೆಮನೆಯೆಂದರೆ ಕೋಳಿ ಸಾರು, ಉಪಚಾರ! ಹೀಗಿರುವಾಗ ‘ಮದರ್ ಇನ್ ಲಾ’ ಎಂಬ ಪದವನ್ನು ಓದಿದ ಕೂಡಲೇ ನಮ್ಮ ಹುಡುಗಿಯ ಕಣ್ಣ ಮುಂದೆ ನಿಲ್ಲುವ ಅತ್ತೆಯೇ ಬೇರೆ. ನಗು ಹೇಗೆ ಬಂದೀತು?

ಇಂಗ್ಲಿಷರ ವ್ಯಂಗ್ಯವೂ ಹೀಗೆಯೇ. ಧೋ ಎಂದು ಮಳೆ ಸುರಿಯುತ್ತಿರುವಾಗ ‘ಲವ್ಲಿ ವೆದರ್’ ಎನ್ನುತ್ತಾರೆ. ತುಂಬಾ ಚೆನ್ನಾಗಿದೆ ಎನ್ನಲು ‘ನಾಟ್ ಬ್ಯಾಡ್’ ಎಂದು ಸುಮ್ಮನಾಗುತ್ತಾರೆ. ಮುಖದಲ್ಲಿ ನಗುವಿನ ಸುಳಿವೂ ಇರುವುದಿಲ್ಲ. ಆದರೆ ವ್ಯಂಗ್ಯ ನಮಗೇನೂ ಹೊಸದಲ್ಲ. ಹತ್ತು ಗಂಟೆಗೆ ಎದ್ದು ಬಂದ ಮಗನಿಗೆ ‘ಇಷ್ಟು ಬೇಗ ಯಾಕಪ್ಪಾ ಎದ್ದೆ, ಇನ್ನೊಂದಿಷ್ಟು ಮಲಗಬಾರದಿತ್ತೇ?’ ಎನ್ನುವ ತಾಯಿ ಯಾವ ಮನೆಯಲ್ಲಿಲ್ಲ? ಆ ಮಾತಿನಿಂದಲೇ ಪಾಠ ಆರಂಭಿಸಬಹುದು.

ಮುಲ್ಲಾ ನಸ್ರುದ್ದೀನರ ದೀಪ

ಗೊತ್ತಿರುವ ಕಥೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಮುಲ್ಲಾ ನಸ್ರುದ್ದೀನರ ಕಥೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಮನೆಯೊಳಗೆ ಕಳೆದುಕೊಂಡ ಬೀಗದ ಕೈಯನ್ನು ಮುಲ್ಲಾ ಅಂಗಳದಲ್ಲಿ ಹುಡುಕುತ್ತಾರೆ. ಏಕೆಂದರೆ ಬೆಳಕಿರುವುದು ಅಲ್ಲಿ! ಇದೇ ಕಥೆ ಇಂಗ್ಲಿಷಿನಲ್ಲಿ ಬೀದಿ ದೀಪದ ಕೆಳಗೆ ಬೀಗದ ಕೈ ಹುಡುಕುವ ಕುಡುಕನದಾಗಿದೆ. ವೇಷ ಬೇರೆ, ನಗು ಒಂದೇ. ಇದ್ರೀಸ್ ಶಾ 1966ರಲ್ಲೇ ಈ ಕಥೆಗಳ ಸಂಗ್ರಹವೊಂದನ್ನು ಇಂಗ್ಲಿಷಿನಲ್ಲಿ ತಂದರು. ಟರ್ಕಿ, ಅಝರ್‌ಬೈಜಾನ್, ಉಝ್ಬೆಕಿಸ್ತಾನ್ ಸೇರಿ ಏಳು ದೇಶಗಳ ಕೋರಿಕೆಯಂತೆ ಯುನೆಸ್ಕೋ 2022ರಲ್ಲಿ ಈ ಕಥೆ ಹೇಳುವ ಪರಂಪರೆಯನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಕಲಿಸುವುದು ಹೇಗೆ?

* ನಗೆಹನಿ ಹೇಳುವ ಮೊದಲೇ ಅದರಲ್ಲಿ ಬರುವ ಹೊಸ ಪದ ಅಥವಾ ಪದ್ಧತಿಯನ್ನು ತಿಳಿಸಿಬಿಡಿ. ಹೇಳಿದ ಮೇಲೆ ವಿವರಿಸಿದರೆ ಅದು ಆರಿದ ಚಹಾದಂತೆ.

* ಒಗಟಿನಿಂದ ಆರಂಭಿಸಿ. ‘ಕೈಗಳಿವೆ, ಚಪ್ಪಾಳೆ ತಟ್ಟಲಾರದು, ಏನದು?’ ಎಂಬ ಇಂಗ್ಲಿಷ್ ಒಗಟಿಗೆ ಉತ್ತರ ಗಡಿಯಾರ. ನಾವು ಮುಳ್ಳು ಎನ್ನುವುದನ್ನು ಅವರು ಕೈ ಎನ್ನುತ್ತಾರೆ. ಒಂದು ಒಗಟಿನಲ್ಲಿ ಒಂದು ಪಾಠ ಮುಗಿಯಿತು.

* ಕೇಳಿದ್ದನ್ನು ಮಗು ಮನೆಮಾತಿನಲ್ಲಿ ಅಜ್ಜಿಗೆ ಹೇಳಲಿ. ಅಜ್ಜಿ ನಕ್ಕರೆ ಮಗುವಿಗೆ ಪೂರ್ತಿ ಅರ್ಥವಾಗಿದೆಯೆಂದೇ ತಿಳಿಯಿರಿ. ನಗದಿದ್ದರೆ ಏಕೆ ನಗಲಿಲ್ಲವೆಂದು ಇಬ್ಬರೂ ಸೇರಿ ಯೋಚಿಸಲಿ.

* ‘ಇಷ್ಟೂ ಗೊತ್ತಾಗಲಿಲ್ಲವೇ?’ ಎಂದು ಎಂದೂ ಕೇಳಬೇಡಿ. ‘ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಹೇಳ್ತೀರಾ?’ ಎಂದು ಕೇಳುವ ಧೈರ್ಯವನ್ನು ಮಕ್ಕಳಿಗೆ ಕೊಡಿ.

ಎಲ್ಲಾ ನಗುವೂ ನಗುವಲ್ಲ

ಕೊನೆಯದಾಗಿ ಒಂದು ಮಾತು. ಹಾಸ್ಯ ಅರ್ಥವಾಗುವುದೆಂದರೆ ಎಲ್ಲದಕ್ಕೂ ನಗುವುದೆಂದಲ್ಲ. ಒಬ್ಬರ ಬಣ್ಣ, ಉಡುಗೆ, ಉಚ್ಚಾರಣೆ, ಊರು ಇವುಗಳನ್ನು ಹೀಯಾಳಿಸುವ ಮಾತುಗಳು ಪ್ರತಿಯೊಂದು ಭಾಷೆಯಲ್ಲೂ ಇವೆ. ಭಾಷೆ ಚೆನ್ನಾಗಿ ಬಂದವನಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ. ತನ್ನನ್ನು ಹಂಗಿಸಿದ್ದು ತಿಳಿಯದೆ ಜೊತೆಗೂಡಿ ನಗುವ ಮಗು ಎಷ್ಟು ಅಸಹಾಯಕವೋ, ಹಂಗಿಸದಿದ್ದರೂ ನೊಂದುಕೊಳ್ಳುವ ಮಗುವೂ ಅಷ್ಟೇ ಅಸಹಾಯಕ. ಎಲ್ಲಿ ನಗಬೇಕು, ಎಲ್ಲಿ ನಗದೆ ತಲೆಯೆತ್ತಿ ನಿಲ್ಲಬೇಕು ಎಂಬ ವಿವೇಕ ಅವರಿಗೆ ಬರಬೇಕು.

ನಿಮ್ಮ ಮಗಳು ಇಂದು ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತೆಂದು ಮಾತ್ರ ಕೇಳಬೇಡಿ. ‘ಇವತ್ತು ಯಾವುದಕ್ಕೆ ನಕ್ಕೆಯಮ್ಮಾ?’ ಎಂದೂ ಕೇಳಿ ನೋಡಿ. ಆಕೆಯ ಇಂಗ್ಲಿಷ್ ಎಲ್ಲಿಗೆ ಮುಟ್ಟಿದೆಯೆಂದು ಆ ಉತ್ತರವೇ ಹೇಳೀತು.