ಗಾಯಗೊಂಡವರ ಒಲವಿನ ಕಥೆ

ಬಳ್ಳಾರಿಯಿಂದ ಚಳ್ಳಕೆರೆಗೆ ಬರುವ ಹೆದ್ದಾರಿಯಲ್ಲಿ ರಾಂಪುರ ಸಿಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಈ ಊರಿನ ಆಸುಪಾಸಿನಲ್ಲೇ ಜಟಿಂಗರಾಮೇಶ್ವರ ಬೆಟ್ಟವಿದೆ. ಸೀತೆಯನ್ನು ಬಿಡಿಸಲು ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಈ ಬೆಟ್ಟದ ಮೇಲೂ ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಅಶೋಕ ಚಕ್ರವರ್ತಿಯ ಬಂಡೆಗಲ್ಲಿನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನಗಳು ತಂದೆತಾಯಿಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಬೋಧಿಸುತ್ತವೆ.

ಈ ಮೂರು ಧರ್ಮಗಳೂ ಒಂದಕ್ಕೊಂದು ಹೊಂದಿಕೊಂಡೇ ನಡೆಯುತ್ತವೆಂದು ನಾವು ಭಾವಿಸಿದ್ದೇವೆ. ಆದರೆ ಈ ಸೀಮೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಅವನ ಒಲವು ಹೆಣ್ಣಿನ ಕಡೆಗೆ ಹರಿಯದು. ಗಂಡಿನ ಕಡೆಗೇ ಹರಿಯುತ್ತದೆ. ಮನೆಯಲ್ಲಿ ತಾಯಿ ಸೊಸೆಯ ದಾರಿ ಕಾಯುತ್ತಿದ್ದಾಳೆ. ಅವಳ ಮಾತು ನಡೆಸಿದರೆ ಸತ್ಯ ತಪ್ಪುತ್ತದೆ. ಸತ್ಯ ನುಡಿದರೆ ಅವಳ ಮನಸ್ಸು ಮುರಿಯುತ್ತದೆ. ಅವನಿಗೆ ಉಳಿಯುವ ಆಸರೆ ದಯೆಯೊಂದೇ. ಅದೂ ಊರಿನಲ್ಲಿ ಸಿಗದಿದ್ದಾಗ ಅವನು ಅದನ್ನು ಪುಸ್ತಕದಲ್ಲಿ ಹುಡುಕುತ್ತಾನೆ. ಅಂಥವರಿಗಾಗಿ ಹುಟ್ಟಿದ ಒಂದು ಬಗೆಯ ಕಥಾಸಾಹಿತ್ಯವನ್ನು ಕುರಿತು ಇಲ್ಲಿ ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಪತ್ರಿಕೆಗಳು ಈ ವಿಷಯಕ್ಕೆ ‘ಸಲಿಂಗಕಾಮ’ ಎಂಬ ಶಬ್ದವನ್ನು ಬಳಸುತ್ತ ಬಂದಿವೆ. ಗಂಡುಹೆಣ್ಣಿನ ವಿಷಯ ಬಂದಾಗ ಪ್ರೇಮ, ಒಲವು, ಅನುರಾಗ ಎಂದು ಹತ್ತು ಶಬ್ದ ಸಿಗುವ ನಮಗೆ, ಇಲ್ಲಿ ಮಾತ್ರ ಕಾಮವೊಂದೇ ಕಾಣುವುದು ವಿಚಾರ ಮಾಡಬೇಕಾದ ಸಂಗತಿ. ನಾನು ಹೇಳುತ್ತಿರುವ ಕಥೆಗಳು ಸಲಿಂಗಪ್ರೇಮದ ಕಥೆಗಳು. ಇವುಗಳ ಹಂದರ ಸರಳವಾದದ್ದು. ಒಬ್ಬ ತರುಣ ಮೊದಲೇ ಪೆಟ್ಟು ತಿಂದಿರುತ್ತಾನೆ. ತಂದೆ ಮುಖ ತಿರುಗಿಸಿರಬಹುದು; ಶಾಲೆಯ ಹುಡುಗರು ಅವನ ನಡೆನುಡಿಯನ್ನು ಅಣಕಿಸಿರಬಹುದು; ಮೊದಲು ಒಲಿದವನೇ ಕೈಬಿಟ್ಟಿರಬಹುದು. ಅವನು ಯಾರನ್ನೂ ನಂಬದವನಾಗಿದ್ದಾನೆ. ಆಗ ಮತ್ತೊಬ್ಬ ಬರುತ್ತಾನೆ. ಹೊಸಬ ಅವಸರ ಮಾಡುವುದಿಲ್ಲ. ಜ್ವರ ಬಂದಾಗ ಗಂಜಿ ಕಾಯಿಸಿಕೊಡುವಂಥ, ತಡವಾದ ರಾತ್ರಿ ಎದ್ದು ಬಾಗಿಲು ತೆರೆಯುವಂಥ ಸಣ್ಣಪುಟ್ಟ ಕೆಲಸಗಳಿಂದ ನಂಬಿಕೆ ಬೆಳೆಯುತ್ತದೆ. ನಡುವೆ ಒಂದು ಅಗಲಿಕೆ. ಕೊನೆಗೆ ಇಬ್ಬರದೂ ಆದ ಒಂದು ಮನೆ.

ಇದು ಸಕ್ಕರೆಯ ಪಾಕವಲ್ಲವೇ, ಬದುಕಿನಲ್ಲಿ ಹೀಗೆ ನಡೆಯುತ್ತದೆಯೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬೇಕಾದರೆ ಇಂಥ ಕಥೆಗಳು ಹಿಂದೆ ಹೇಗೆ ಮುಗಿಯುತ್ತಿದ್ದವು ಎಂಬುದನ್ನು ನೋಡಬೇಕು. ಹಿಂದಿಯಲ್ಲಿ ಪಾಂಡೇಯ ಬೇಚನ್ ಶರ್ಮ ‘ಉಗ್ರ’ ಅವರು 1927ರಲ್ಲಿ ‘ಚಾಕಲೇಟ್’ ಎಂಬ ಕಥಾಸಂಕಲನ ಹೊರತಂದರು. ಗಂಡಸರ ನಡುವಿನ ಆಕರ್ಷಣೆಯನ್ನು ದುರ್ವ್ಯಸನವೆಂದು ಖಂಡಿಸುವುದೇ ಅದರ ಘೋಷಿತ ಉದ್ದೇಶವಾಗಿತ್ತು. ಇಂಗ್ಲೆಂಡಿನ ಇ. ಎಂ. ಫಾರ್ಸ್ಟರ್ ಮಾತ್ರ ಅದಕ್ಕೂ ಮೊದಲೇ, 1913–14ರ ಹೊತ್ತಿಗೆ, ‘ಮಾರಿಸ್’ ಎಂಬ ಕಾದಂಬರಿ ಬರೆದಿದ್ದರು. ಮಾರಿಸ್‌ನ ಮೊದಲ ಗೆಳೆಯ ಅವನನ್ನು ಬಿಟ್ಟು ಹೆಣ್ಣೊಬ್ಬಳನ್ನು ಮದುವೆಯಾಗುತ್ತಾನೆ. ಮಾರಿಸ್ ತನ್ನ ‘ರೋಗ’ಕ್ಕೆ ಔಷಧವಿದೆಯೇ ಎಂದು ವೈದ್ಯರಲ್ಲಿ ಅಲೆಯುತ್ತಾನೆ. ಕಡೆಗೆ ಬೇಟೆಕಾಡಿನ ಕಾವಲುಗಾರನಾದ ಅಲೆಕ್‌ನಲ್ಲಿ ಒಲವನ್ನು ಕಾಣುತ್ತಾನೆ. ಇಬ್ಬರೂ ಕೂಡಿ ಬಾಳುವ ನಿಶ್ಚಯದೊಡನೆ ಕಥೆ ಮುಗಿಯುತ್ತದೆ. ಹಾಗೆ ಮುಗಿಯಲೇಬೇಕೆಂದು ಫಾರ್ಸ್ಟರ್ ಹಟ ಹಿಡಿದಿದ್ದರು. ಇಬ್ಬರಲ್ಲೊಬ್ಬ ನೇಣು ಹಾಕಿಕೊಂಡಿದ್ದರೆ ಪುಸ್ತಕ ಸುಲಭವಾಗಿ ಅಚ್ಚಾಗುತ್ತಿತ್ತೇನೋ. ಅವರು ಸುಖದಿಂದಿರುವುದೇ ಅಪರಾಧವಾಗಿತ್ತು. ಇಂಗ್ಲೆಂಡಿನ ಕಾನೂನು 1967ರಲ್ಲಿ ಸಡಿಲವಾಯಿತು. ಕಾದಂಬರಿ ಬೆಳಕು ಕಂಡದ್ದು ಲೇಖಕರು ತೀರಿಕೊಂಡ ಮರುವರ್ಷ, 1971ರಲ್ಲಿ.

ನಿನಗೆ ಕೊನೆಗೆ ಅವಮಾನವೋ ಸಾವೋ ಎರಡರಲ್ಲೊಂದು ಎಂದು ಎಳವೆಯಿಂದ ಕೇಳಿಸಿಕೊಂಡವನಿಗೆ, ಬದುಕಿ ಬಾಳುವ ನಾಯಕನೊಬ್ಬ ಸಿಕ್ಕುವುದು ಸಣ್ಣ ಮಾತಲ್ಲ. ಉಳಿದವರಿಗೆ ಪಾಕವೆನಿಸುವುದು ಅವನಿಗೆ ಅನ್ನವಾಗಬಹುದು.

ಇನ್ನು ಕನ್ನಡದ ಮಾತು. ರಾಂಪುರದ ಹೆದ್ದಾರಿಯಲ್ಲೇ ಬಳ್ಳಾರಿಯತ್ತ ಹೋದರೆ ಅದರಾಚೆ ಸಂಡೂರು. ಅಲ್ಲಿ 1969ರಲ್ಲಿ ಹುಟ್ಟಿದ ವಸುಧೇಂದ್ರರು, ಸಾಫ್ಟ್‌ವೇರ್ ವೃತ್ತಿಯಲ್ಲಿ ಬಹುಕಾಲ ದುಡಿದು, ಕಥೆಗಾರರಾಗಿ ಜನಪ್ರಿಯರಾದ ಮೇಲೆ, 2013ರಲ್ಲಿ ತಮ್ಮದೇ ಛಂದ ಪುಸ್ತಕದಿಂದ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ ಪ್ರಕಟಿಸಿದರು. ತಾವೂ ಸಲಿಂಗಪ್ರೇಮಿಯೆಂಬುದನ್ನು ಮುಚ್ಚಿಡಲಿಲ್ಲ. ‘ಕಗ್ಗಂಟು’ ಎಂಬ ಕಥೆಯಲ್ಲಿ ಮೋಹನಸ್ವಾಮಿಯೊಡನೆ ಬಾಳಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ನೂರು ವರ್ಷದ ಹಿಂದೆ ಮಾರಿಸ್ ತಿಂದ ಪೆಟ್ಟನ್ನೇ ಇಲ್ಲಿ ಮೋಹನಸ್ವಾಮಿ ತಿನ್ನುತ್ತಾನೆ. ‘ತಗಣಿ’ ಎಂಬ ಕಥೆ ಇನ್ನೂ ಕಠೋರವಾದದ್ದು. ಅಲ್ಲಿ ಹೆಣ್ಣಿನ ನಡೆನುಡಿಯ ಹುಡುಗನನ್ನು ಮನೆಯವರೇ ಕೊಲ್ಲುತ್ತಾರೆ. 2016ರಲ್ಲಿ ರಶ್ಮಿ ತೆರದಾಳ ಅವರ ಅನುವಾದದಲ್ಲಿ ಈ ಕಥೆಗಳು ಇಂಗ್ಲಿಷಿಗೂ ಹೋದವು. ಪುಸ್ತಕ ಬಂದ ಮೇಲೆ ನಾಡಿನ ನಾನಾ ಕಡೆಯ ಯುವಕರು ತಮ್ಮಲ್ಲಿ ಅಳಲು ತೋಡಿಕೊಂಡರೆಂದು ಲೇಖಕರು ಹೇಳಿದ್ದಾರೆ. ಅವರೆಲ್ಲ ಅಷ್ಟು ದಿನ ಎಲ್ಲಿದ್ದರು? ನಮ್ಮ ನಡುವೆಯೇ ಇದ್ದರು.

ಆ ಪುಸ್ತಕದಲ್ಲಿ ಗಾಯವಿದೆ, ಗಾಯದೊಡನೆ ತಲೆಯೆತ್ತಿ ನಡೆಯುವ ಧೈರ್ಯವಿದೆ. ಆದರೆ ‘ಕಗ್ಗಂಟು’ವಿನ ಮೋಹನಸ್ವಾಮಿಗೆ ಒಲವು ನಿಲ್ಲಲಿಲ್ಲ. ಇದನ್ನು ಕಥೆಗಾರರ ಕೊರತೆ ಎನ್ನಲಾಗದು. ಅವರು ಕಂಡದ್ದನ್ನು ಬರೆದಿದ್ದಾರೆ. ಪುಸ್ತಕ ಪ್ರಕಟವಾದ 2013ರಲ್ಲೇ, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದು, ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ಬಿಡುಗಡೆಯನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ, ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಸಾರಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕನ್ನು ಕೊಡಲು ಮಾತ್ರ ಒಪ್ಪಲಿಲ್ಲ. ಹೀಗಾಗಿ ಕಥೆಯ ಕೊನೆಯಲ್ಲಿ ಬರುವ ‘ಇಬ್ಬರ ಮನೆ’ಗೆ ಕಾನೂನಿನ ಹೊಸ್ತಿಲು ಇನ್ನೂ ಸಿಕ್ಕಿಲ್ಲ.

ಈ ಬಗೆಯ ಕಥೆಗಳ ದೋಷವನ್ನೂ ಹೇಳಬೇಕು. ಪ್ರೇಮವೊಂದೇ ಸರ್ವರೋಗಕ್ಕೂ ಮದ್ದು ಎಂಬಂತೆ ಹಲವರು ಬರೆಯುತ್ತಾರೆ. ಮನಸ್ಸು ಮುರಿದವನಿಗೆ ಗೆಳೆಯನ ಜೊತೆಗೆ ವೈದ್ಯನೂ ಬೇಕಾಗಬಹುದು, ದುಡಿಮೆಯೂ ಬೇಕಾಗಬಹುದು. ಪಶ್ಚಿಮದ ಅನೇಕ ಕಥೆಗಳಲ್ಲಿ ನಾಯಕ ತಂದೆತಾಯಿಗಳನ್ನು ತೊರೆದು ದೂರದ ನಗರದಲ್ಲಿ ಬಾಳು ಕಟ್ಟುತ್ತಾನೆ. ನಮ್ಮ ಹುಡುಗ ಬೆಂಗಳೂರು ಸೇರಿದರೂ ಯುಗಾದಿಗೆ ಊರಿನ ಬಸ್ಸು ಹತ್ತಲೇಬೇಕು; ತಾಯಿಯ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಆದ್ದರಿಂದ ಕನ್ನಡದಲ್ಲಿ ಇಂಥ ಒಲವಿನ ಕಥೆ ಬರುವುದಾದರೆ ಅದರಲ್ಲಿ ಆ ತಾಯಿಗೂ ಒಂದು ಪಾತ್ರವಿರಬೇಕು. ಮಗನ ಸತ್ಯವನ್ನು ಕೇಳಿ ಆಕೆ ಒಂದು ರಾತ್ರಿ ಅಳಲಿ. ಬೆಳಗ್ಗೆ ಎದ್ದು ಎರಡು ಲೋಟ ಕಾಫಿ ತಂದಿಡಲಿ. ಅಷ್ಟು ನಂಬುವಂತೆ ಬರೆಯಬಲ್ಲ ಲೇಖಕನಿಗೆ ಬೇರೆ ಸುಖಾಂತದ ಅಗತ್ಯವಿಲ್ಲ.

ಸೀತೆಯನ್ನು ಹುಡುಕುವ ಅವಸರದಲ್ಲಿದ್ದ ರಾಮನೂ ರೆಕ್ಕೆ ಮುರಿದ ಹಕ್ಕಿಯ ಬಳಿ ನಿಂತ. ಅದು ಹೇಳುವುದನ್ನು ಕೊನೆಯವರೆಗೂ ಕೇಳಿದ. ಈ ಕಥೆಗಳು ಓದುಗರಾದ ನಮ್ಮಿಂದ ಬೇಡುವುದೂ ಅಷ್ಟನ್ನೇ.