ಗಲ್ಲಾಕ್ಕೆ ಬೀಗದಕೈ ಒಂದು, ಪಾಸ್‌ವರ್ಡ್ ಇಪ್ಪತ್ಮೂರು



ನಾವು ಮುಂಬಯಿಗೆ ಬಂದ ಕಾಲದಲ್ಲಿ ಒಂದು ಹೋಟೇಲಿಗೆ ನಾಲ್ಕು ಬೀಗದಕೈ ಇದ್ದರೆ ಸಾಕಿತ್ತು. ಶಟರಿಗೆ ಒಂದು, ಗಲ್ಲಾಕ್ಕೆ ಒಂದು, ಗೋದಾಮಿಗೆ ಒಂದು, ಕಪಾಟಿಗೆ ಒಂದು. ರಾತ್ರಿ ಶಟರ್ ಎಳೆದ ಮೇಲೆ ಗೊಂಚಲು ಮಾಲಕರ ದಿಂಬಿನಡಿಗೆ ಹೋಗುತ್ತಿತ್ತು. ಆ ಗೊಂಚಲು ಎಲ್ಲಿದೆ ಎಂದು ಮನೆಯವರಿಗೂ ಗೊತ್ತು, ಹಳೆಯ ಭಟ್ಟರಿಗೂ ಗೊತ್ತು.

ಈಗ ನಮ್ಮ ಹೋಟೇಲಿನ ಬೀಗಗಳನ್ನು ಲೆಕ್ಕ ಹಾಕಿ ನೋಡಿದೆವು. ಜಿಎಸ್‌ಟಿ, ಆಹಾರ ಲೈಸೆನ್ಸಿನ ಫಾಸ್ಕಾಸ್, ಪಿ.ಎಫ್., ಇಎಸ್‌ಐ, ಲೈಟ್ ಬಿಲ್ಲು, ಗ್ಯಾಸ್, ಬಿಲ್ಲಿಂಗ್ ಸಾಫ್ಟ್‌ವೇರ್, ಪಾರ್ಸೆಲ್ ತಲುಪಿಸುವ ಆ್ಯಪ್ ಎರಡು, ಹೋಟೇಲಿನ ಈಮೇಲ್, ಗೂಗಲ್‌ನಲ್ಲಿರುವ ನಮ್ಮ ಹೋಟೇಲಿನ ಪುಟ, ಸಿಸಿ ಕ್ಯಾಮೆರಾ, ವೈಫೈ, ಬ್ಯಾಂಕು. ಬರೆಯುತ್ತಾ ಹೋದರೆ ಇಪ್ಪತ್ಮೂರು ಆಯಿತು. ಅದರಲ್ಲಿ ನಮಗೆ ಬಾಯಿಪಾಠ ಬರುತ್ತಿದ್ದದ್ದು ವೈಫೈ ಒಂದೇ.

ಉಳಿದದ್ದೆಲ್ಲ ನಮ್ಮ ಮ್ಯಾನೇಜರ್ ಅವರ ತಲೆಯಲ್ಲಿತ್ತು.

ಆ ಮೂರು ದಿನ

ಅವರು ನಮ್ಮಲ್ಲಿ ಹದಿನೇಳು ವರ್ಷ ಇದ್ದವರು. ಟೇಬಲ್ ಒರೆಸುವುದರಿಂದ ಶುರು ಮಾಡಿ ಗಲ್ಲಾದಲ್ಲಿ ಕೂತವರು. 2022ರ ಮಳೆಗಾಲದಲ್ಲಿ ರಜೆ ಹಾಕಿ ಕುಂದಾಪುರದ ಆಚೆ ತಮ್ಮ ಊರಿಗೆ ಹೋದರು. ನಾಲ್ಕನೇ ದಿನ ರಾತ್ರಿ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ನಮಗಿಂತ ಎರಡು ವರ್ಷ ಚಿಕ್ಕವರು.

ಮೂರನೇ ದಿನ ಶುಕ್ರವಾರ ಸಂಜೆ ಆರ್ಡರ್ ತೆಗೆದುಕೊಳ್ಳುವ ಟ್ಯಾಬ್ ತಾನಾಗಿಯೇ ಲಾಗೌಟ್ ಆಯಿತು. ಪಾಸ್‌ವರ್ಡ್ ಕೇಳಿತು. ಯಾರಿಗೂ ಗೊತ್ತಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಈಮೇಲ್ ತೆರೆಯೋಣ ಎಂದರೆ ಅದಕ್ಕೂ ಅವರದೇ ನಂಬರ್. 20ನೇ ತಾರೀಕಿನೊಳಗೆ ಜಿಎಸ್‌ಟಿ ಕಟ್ಟಬೇಕು, ಅದರ ಒಟಿಪಿಯೂ ಅಲ್ಲಿಗೇ.

ಏನು ಮಾಡುವುದು? ಊರಿಗೆ ಫೋನ್ ಮಾಡಿದೆವು. ಅವರ ಮಗ ಎತ್ತಿದ, ಹತ್ತೊಂಬತ್ತರ ಹುಡುಗ. ಹಿಂದಿನಿಂದ ಹೆಂಗಸರು ಅಳುವುದು ಕೇಳುತ್ತಿತ್ತು. ನಾವು ಸಂಕೋಚದಿಂದ ಹೇಳಿದೆವು, ಮಗಾ, ಅಪ್ಪನ ಫೋನಿಗೆ ಒಂದು ನಂಬರ್ ಬರುತ್ತದೆ, ಓದಿ ಹೇಳ್ತೀಯಾ? ಅವನು ಓದಿದ. ಹೊತ್ತು ಮೀರಿತು, ಇನ್ನೊಂದು ಬಂತು. ಅದೂ ಹೋಯಿತು. ಮೂರನೆಯದು ಸರಿಯಾಯಿತು. ಅವನು ಮೆಲ್ಲಗೆ, "ಆಯ್ತಾ ಮಾಮ, ಇನ್ನೂ ಬೇಕಾ?" ಎಂದು ಕೇಳಿದ.

ಹನ್ನೊಂದನೇ ದಿನದ ಕ್ರಿಯೆ ಮುಗಿಯುವುದರೊಳಗೆ ಆ ಮನೆಗೆ ನಾವು ಐದು ಸಲ ಫೋನ್ ಮಾಡಿದ್ದೇವೆ. ಸಂತಾಪ ಹೇಳಲು ಅಲ್ಲ, ನಂಬರ್ ಕೇಳಲು. ವ್ಯಾಪಾರದಲ್ಲಿ ಆದ ನಷ್ಟ ತಿಂಗಳಲ್ಲಿ ಮರೆತುಹೋಯಿತು. ಈ ಐದು ಫೋನು ಇನ್ನೂ ಮರೆತಿಲ್ಲ. ತಪ್ಪು ತೀರಿಕೊಂಡವರದ್ದಲ್ಲ, ಮಾಲಕರಾದ ನಮ್ಮದು.

ಡೈರಿಯಿಂದ ಆ್ಯಪಿಗೆ

ಮೊದಲು ಎಲ್ಲವನ್ನೂ ಒಂದು ಡೈರಿಯಲ್ಲಿ ಬರೆದೆವು. ಗಲ್ಲಾದ ಪಕ್ಕ ಇಟ್ಟ ಡೈರಿಗೆ ಎರಡು ತಿಂಗಳಲ್ಲಿ ಸಾಂಬಾರಿನ ಕಲೆ ಬಿತ್ತು. ಯಾರೋ ಪಾಸ್‌ವರ್ಡ್ ಬದಲಾಯಿಸಿ ಡೈರಿಯಲ್ಲಿ ಬರೆಯಲು ಮರೆತರು. ಬಂದುಹೋಗುವ ಹುಡುಗರೆಲ್ಲ ತೆರೆದು ನೋಡಬಹುದಿತ್ತು. ಥಾಣೆಯ ಬ್ರಾಂಚಿನಲ್ಲಿ ತಮ್ಮನಿಗೆ ಬೇಕಾದರೆ ಮತ್ತೆ ಫೋನೇ.

ಪುಣೆಯಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಬಂದವಳು ಡೈರಿ ನೋಡಿ ನಕ್ಕಳು. "ಅಪ್ಪಾ, ಇದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಅಂತ ಆ್ಯಪ್ ಇದೆ" ಎಂದಳು. ನಾವು ಹತ್ತನೇ ಕ್ಲಾಸಿನವರು, ಅದೂ ಹಗಲು ಹೋಟೇಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ನಮಗೆ ಅರ್ಥವಾದಂತೆ ಹೇಳುತ್ತೇವೆ.

ಇದು ಒಂದು ಕಪಾಟು ಇದ್ದಂತೆ. ಎಲ್ಲ ಪಾಸ್‌ವರ್ಡ್ ಅದರೊಳಗೆ. ಕಪಾಟಿಗೆ ಒಂದೇ ದೊಡ್ಡ ಬೀಗದಕೈ, ಅದಕ್ಕೆ ಮಾಸ್ಟರ್ ಪಾಸ್‌ವರ್ಡ್ ಎನ್ನುತ್ತಾರೆ. ಅದೊಂದನ್ನು ನೆನಪಿಟ್ಟರೆ ಸಾಕು. ಒಳಗಿನದ್ದು ಗುಪ್ತ ಲಿಪಿಯಲ್ಲಿರುತ್ತದೆ. ನಮ್ಮ ಮೊಬೈಲಿನಲ್ಲಿ ಒಂದು ಪಾಸ್‌ವರ್ಡ್ ಬದಲಾಯಿಸಿದರೆ ಗಲ್ಲಾದ ಕಂಪ್ಯೂಟರಿನಲ್ಲಿ, ಥಾಣೆಯ ತಮ್ಮನ ಫೋನಿನಲ್ಲಿ, ಪುಣೆಯ ಮಗಳ ಐಫೋನಿನಲ್ಲಿ ತಾನಾಗಿ ಬದಲಾಗುತ್ತದೆ.

ಇನ್ನೊಂದು ಲಾಭ ಆಮೇಲೆ ತಿಳಿಯಿತು. ಆಹಾರ ಲೈಸೆನ್ಸ್ ರಿನ್ಯೂ ಮಾಡಿಕೊಡುತ್ತೇವೆ ಎಂದು ಮೆಸೇಜಿನಲ್ಲಿ ಲಿಂಕ್ ಬರುತ್ತದಲ್ಲ, ಒತ್ತಿದರೆ ಸರಕಾರದ್ದೇ ಎಂಬಂತೆ ಕಾಣುವ ಪುಟ ತೆರೆಯುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಆ್ಯಪ್ ವೆಬ್‌ಸೈಟಿನ ವಿಳಾಸ ನೋಡುತ್ತದೆ, ಒಂದಕ್ಷರ ಬೇರೆಯಾದರೂ ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಅದು ತುಂಬದಿದ್ದರೆ ಕೈಯಿಂದ ಟೈಪ್ ಮಾಡಲು ಹೋಗಬೇಡಿ, ನಿಂತು ವಿಳಾಸ ನೋಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಯಾವುದನ್ನು ಆರಿಸುವುದು?

ನಾವು ಯಾವುದನ್ನು ಹಾಕಿದ್ದೇವೆ ಎಂದು ಬರೆದರೆ ಜಾಹೀರಾತಾದೀತು. ನಿಮ್ಮಲ್ಲಿರುವ ಯಂತ್ರಗಳನ್ನು ನೋಡಿ ಆರಿಸಿ.

ಎಲ್ಲ ಕಡೆ ಆಂಡ್ರಾಯ್ಡ್ ಮತ್ತು ಕ್ರೋಮ್ ಇದ್ದರೆ ಗೂಗಲ್‌ನದ್ದು ಅದರಲ್ಲೇ ಇದೆ, ಖರ್ಚಿಲ್ಲ. ಎಲ್ಲರ ಕೈಯಲ್ಲೂ ಐಫೋನ್ ಇದ್ದರೆ ಆ್ಯಪಲ್‌ನವರು 2024ರಲ್ಲಿ ಪಾಸ್‌ವರ್ಡ್ಸ್ ಎಂಬ ಬೇರೆ ಆ್ಯಪ್ ಕೊಟ್ಟಿದ್ದಾರೆ. ಅದನ್ನು ವಿಂಡೋಸಿನಲ್ಲೂ ಬಳಸಬಹುದು, ಆಂಡ್ರಾಯ್ಡಿಗೆ ಇಲ್ಲ. ನಮ್ಮಂತೆ ಎಲ್ಲ ಬಗೆಯ ಯಂತ್ರ ಇರುವವರಿಗೆ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್ ಮುಂತಾದವು ಎಲ್ಲದರಲ್ಲೂ ನಡೆಯುತ್ತವೆ. ಮೊದಲನೆಯದರಲ್ಲಿ ಉಚಿತ ಯೋಜನೆ ಇದೆ, ಎರಡನೆಯದಕ್ಕೆ ಹಣ ಕೊಡಬೇಕು. ಕೀಪಾಸ್ ಎಂಬುದು 2003ರಿಂದ ಇದೆ, ಉಚಿತ. ಅದರಲ್ಲಿ ಕಪಾಟು ಒಂದು ಫೈಲಾಗಿ ನಮ್ಮ ಬಳಿಯೇ ಇರುತ್ತದೆ, ಒಂದು ಯಂತ್ರದಿಂದ ಇನ್ನೊಂದಕ್ಕೆ ಮುಟ್ಟಿಸುವ ಜವಾಬ್ದಾರಿಯೂ ನಮ್ಮದೇ.

ಯಾವುದೂ ಶಾಶ್ವತ ಎಂದು ನಂಬಬೇಡಿ. ಲಾಸ್ಟ್‌ಪಾಸ್ 2021ರ ಮಾರ್ಚಿನಲ್ಲಿ ಉಚಿತ ಗಿರಾಕಿಗಳಿಗೆ ಕಂಪ್ಯೂಟರ್ ಅಥವಾ ಮೊಬೈಲ್ ಎರಡರಲ್ಲಿ ಒಂದನ್ನು ಆರಿಸಿ ಎಂದಿತು. 2022ರಲ್ಲಿ ಅದೇ ಸಂಸ್ಥೆಯಿಂದ ಗಿರಾಕಿಗಳ ಬೀಗ ಹಾಕಿದ ಕಪಾಟುಗಳ ಪ್ರತಿಯೇ ಕಳುವಾಯಿತು. ಅಂಥ ಹೊತ್ತಿನಲ್ಲಿ ಮಾಸ್ಟರ್ ಪಾಸ್‌ವರ್ಡ್ ಉದ್ದವಾಗಿದ್ದವರು ಬಚಾವು, ಸುಲಭದ್ದು ಇಟ್ಟವರಿಗೆ ಅಪಾಯ. ಮೈಕ್ರೋಸಾಫ್ಟಿನ ಆಥೆಂಟಿಕೇಟರ್ ಆ್ಯಪಿನಲ್ಲಿ ಪಾಸ್‌ವರ್ಡ್ ಇಡುವ ಸೌಕರ್ಯ 2025ರ ಆಗಸ್ಟಿಗೆ ನಿಂತೇಹೋಯಿತು. ಆದ್ದರಿಂದ ಇಂಥ ಸುದ್ದಿಗೆ ಕಿವಿ ತೆರೆದಿರಬೇಕು.

ನಾವು ಎಡವಿ ಕಲಿತದ್ದು

1. ಎರಡು ಕಪಾಟು ಬೇಡ. ಕ್ರೋಮ್ ಕೂಡ ಪಾಸ್‌ವರ್ಡ್ ಉಳಿಸಲೇ ಎಂದು ಕೇಳುತ್ತದೆ. ನಮ್ಮ ಹುಡುಗರು ಹೌದು ಎಂದು ಒತ್ತಿಬಿಟ್ಟರು. ಆ್ಯಪಿನಲ್ಲಿ ಹೊಸದು, ಕ್ರೋಮಿನಲ್ಲಿ ಹಳೆಯದು. ಹಳೆಯದನ್ನೇ ಮೂರು ಸಲ ಕೊಟ್ಟು ಖಾತೆ ಲಾಕ್ ಆಯಿತು. ಒಂದನ್ನು ಬಂದ್ ಮಾಡಿ.

2. ನೆಟ್ ಇಲ್ಲದಿದ್ದರೆ ಹೊಸದು ಬರುವುದಿಲ್ಲ. ಬದಲಾಯಿಸಿದ ಮೇಲೆ ಉಳಿದ ಯಂತ್ರಗಳಲ್ಲಿ ಸಿಂಕ್ ಒತ್ತಿ, ಬಂದಿದೆಯೇ ನೋಡಿ.

3. ಗಲ್ಲಾದ ಕಂಪ್ಯೂಟರ್ ಹತ್ತು ಜನರ ಕೈ. ಅಲ್ಲಿ ಮಾಲಕರ ಕಪಾಟು ತೆರೆಯಬಾರದು. ಮ್ಯಾನೇಜರಿಗೆ ಬೇರೆ ಖಾತೆ ಮಾಡಿ, ಆರ್ಡರ್ ಮತ್ತು ಬಿಲ್ಲಿಂಗ್ ಅಷ್ಟನ್ನೇ ಹಂಚಿದ್ದೇವೆ. ಐದು ನಿಮಿಷಕ್ಕೆ ತಾನೇ ಲಾಕ್ ಆಗುವಂತೆ ಇಟ್ಟಿದ್ದೇವೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರ್ ಇರುವವರು ಅದನ್ನೂ ಗಮನಿಸಿ.

4. ಮಾಸ್ಟರ್ ಪಾಸ್‌ವರ್ಡ್ ಉದ್ದ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಅಥವಾ ತುಳು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದರೆ ನೆನಪೂ ಇರುತ್ತದೆ, ಊಹಿಸುವುದೂ ಕಷ್ಟ. ಹೋಟೇಲಿನ ಹೆಸರು, ಮಕ್ಕಳ ಹೆಸರು, ಮನೆದೇವರ ಹೆಸರು ಬೇಡ. ಇಂಥ ಹೆಚ್ಚಿನ ಆ್ಯಪುಗಳಲ್ಲಿ ಇದನ್ನು ಮರೆತರೆ ಕಂಪನಿಯವರೂ ಹೇಳಲಾರರು, ಅವರ ಬಳಿ ಅದು ಇರುವುದೇ ಇಲ್ಲ. ಆದ್ದರಿಂದ ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಬ್ಯಾಂಕ್ ಲಾಕರಿನಲ್ಲಿ ಇಡಿ. ಅದು ಅಲ್ಲಿದೆ ಎಂದು ಮನೆಯವರಿಗೆ ಹೇಳಿಡಿ.

5. ಕೆಲಸ ಬಿಟ್ಟವರನ್ನು ಹಂಚಿಕೆಯಿಂದ ತೆಗೆದರೆ ಸಾಲದು, ಅವರು ನೋಡಿದ್ದ ಪಾಸ್‌ವರ್ಡುಗಳನ್ನೂ ಅದೇ ದಿನ ಬದಲಾಯಿಸಬೇಕು.

6. ಹೊಸ ಮೊಬೈಲಿನಲ್ಲಿ ಆ್ಯಪ್ ತೆರೆದು ನೋಡುವವರೆಗೆ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಎರಡನೇ ಹಂತದ ಕೋಡ್ ಹಾಕಿಕೊಂಡವರು, ಅದರ ಜೊತೆ ಸಿಗುವ ರಿಕವರಿ ಕೋಡನ್ನೂ ಅದೇ ಲಕೋಟೆಯಲ್ಲಿಡಿ.

7. ವರ್ಷಕ್ಕೆರಡು ಸಲ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿ ಲಾಕರಿನಲ್ಲಿ ಇಡುತ್ತೇವೆ. ಹಾಗೆ ಇಳಿಸಿದ ಫೈಲು ಸಾಮಾನ್ಯವಾಗಿ ಯಾರು ಬೇಕಾದರೂ ಓದುವಂತಿರುತ್ತದೆ. ಕಂಪ್ಯೂಟರಿನಲ್ಲಿ ಉಳಿಯದಂತೆ ಅಳಿಸಬೇಕು.

8. ಯುಪಿಐ ಪಿನ್, ಎಟಿಎಂ ಪಿನ್ ಇದರಲ್ಲಿ ಇಟ್ಟಿಲ್ಲ. ಅವು ನಮ್ಮ ತಲೆಯಲ್ಲೇ.

ಒಟಿಪಿಯ ಮಾತು

ಪಾಸ್‌ವರ್ಡ್ ಎಷ್ಟು ಚಂದ ಜೋಡಿಸಿಟ್ಟರೂ ಒಟಿಪಿ ಬೇರೆಯವರ ಮೊಬೈಲಿಗೆ ಹೋಗುತ್ತಿದ್ದರೆ ಪ್ರಯೋಜನವಿಲ್ಲ. ನಮ್ಮ ಸಂಕಟದ ಮೂಲ ಅದೇ ಆಗಿತ್ತು. ಆದ್ದರಿಂದ ಹೋಟೇಲಿನ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡೆವು. ಒಂದೊಂದೇ ಖಾತೆಯಲ್ಲಿ ನಂಬರ್ ಬದಲಾಯಿಸಲು ನಾಲ್ಕು ತಿಂಗಳು ಹಿಡಿಯಿತು. ಕೆಲವು ಕಡೆ ಲೆಟರ್‌ಹೆಡ್ ಕೊಡಬೇಕಾಯಿತು. ಆ ಫೋನು ಈಗ ಗಲ್ಲಾದಲ್ಲಿರುತ್ತದೆ, ರಾತ್ರಿ ಮನೆಗೆ ಬರುತ್ತದೆ. ಬ್ಯಾಂಕಿನದ್ದು ಮಾತ್ರ ನಮ್ಮ ಸ್ವಂತ ನಂಬರಿಗೆ.

ನಂಬಿಕೆಯ ಮಾತು

ಇದೆಲ್ಲ ಶುರುಮಾಡಿದಾಗ ನಮ್ಮ ಹಳೆಯ ಕ್ಯಾಶಿಯರ್ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಧಣಿ, ನನ್ನ ಮೇಲೆ ನಂಬಿಕೆ ಹೋಯ್ತಾ?" ಎಂದು ಕೇಳಿದರು. ನಮಗೆ ಬೇಸರವಾಯಿತು. ನಮ್ಮ ಉದ್ಯಮ ನಿಂತದ್ದೇ ನಂಬಿಕೆಯ ಮೇಲೆ. ಊರಿನ ಹುಡುಗರನ್ನು ಕರೆತಂದು ಗಲ್ಲಾ ಒಪ್ಪಿಸಿದವರು ನಾವು.

ಕೂರಿಸಿ ಹೇಳಿದೆವು. ತೀರಿಕೊಂಡ ಅವರ ಮೇಲೆ ನಮಗೆ ಪೂರ್ತಿ ನಂಬಿಕೆ ಇತ್ತು, ಆ ನಂಬಿಕೆಯ ಹೆಸರಿನಲ್ಲಿ ಇಪ್ಪತ್ಮೂರು ಬೀಗದ ಭಾರವನ್ನು ಅವರ ಒಬ್ಬರ ತಲೆಯ ಮೇಲೆ ಹಾಕಿ ನಾವು ಹಾಯಾಗಿದ್ದೆವು. ರಜೆಯಲ್ಲಿ ಊರಿಗೆ ಹೋದರೂ ಅವರಿಗೆ ದಿನಕ್ಕೆ ಹತ್ತು ಫೋನು ಹೋಗುತ್ತಿತ್ತು. ಇನ್ನು ನೀವು ಊರಿಗೆ ಹೋದರೆ ನಿಮ್ಮ ಫೋನು ಸುಮ್ಮನಿರಬೇಕು, ಅದಕ್ಕೆ ಈ ವ್ಯವಸ್ಥೆ ಎಂದೆವು. ಕಳೆದ ದೀಪಾವಳಿಗೆ ಅವರು ಹತ್ತು ದಿನ ಊರಲ್ಲಿದ್ದರು. ನಾವು ಒಂದೇ ಸಲ ಫೋನ್ ಮಾಡಿದೆವು, ಹಬ್ಬದ ಶುಭಾಶಯ ಹೇಳಲು.

ಕಲಿಸುವುದಕ್ಕೆ ತಾಳ್ಮೆ ಬೇಕು. ಮೊದಲ ತಿಂಗಳು ದಿನಕ್ಕೆ ನಾಲ್ಕು ಸಲ ಕರೆ ಬರುತ್ತಿತ್ತು. ಗದರಿಸಿದರೆ ಹುಡುಗರು ಮತ್ತೆ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸುತ್ತಾರೆ. ಒಬ್ಬೊಬ್ಬರನ್ನೇ, ವ್ಯಾಪಾರ ಕಡಿಮೆ ಇರುವ ಮೂರರಿಂದ ನಾಲ್ಕು ಗಂಟೆಯ ಹೊತ್ತಿಗೆ ಕೂರಿಸಿ ಅವರ ಕೈಯಿಂದಲೇ ಮಾಡಿಸಿದೆವು.

ಬಂಧುಗಳೇ, ಆ್ಯಪ್ ಆಮೇಲೆ ಹಾಕಿ. ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ನಿಮ್ಮ ಹೋಟೇಲಿನ ಎಲ್ಲ ಖಾತೆಗಳ ಪಟ್ಟಿ ಬರೆಯಿರಿ. ಪಾಸ್‌ವರ್ಡ್ ಬೇಡ, ಹೆಸರು ಮಾತ್ರ. ಪ್ರತಿಯೊಂದರ ಮುಂದೆ ಒಟಿಪಿ ಯಾರ ನಂಬರಿಗೆ ಹೋಗುತ್ತದೆ ಎಂದು ಬರೆಯಿರಿ. ಒಂದೇ ಹೆಸರು ಸಾಲುಸಾಲಾಗಿ ಬಂದರೆ ಆ ಮನುಷ್ಯನನ್ನು ಕರೆದು ಒಟ್ಟಿಗೆ ಚಹಾ ಕುಡಿಯಿರಿ, ಅವತ್ತೇ ಕೆಲಸ ಶುರುಮಾಡಿ. ಆ ಹೆಸರು ನಿಮ್ಮದೇ ಆಗಿದ್ದರೆ, ಮನೆಯವರನ್ನೂ ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ.

ಇದರಲ್ಲಿ ನಮಗಿಂತ ಹೆಚ್ಚು ಅನುಭವ ಇರುವವರು ಪತ್ರಿಕೆಗೆ ಬರೆದು ತಿಳಿಸಬೇಕಾಗಿ ವಿನಂತಿ.